ಸೋಗಾನೆಯಿಂದ ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ ಮತ್ತು ಸಮಯದ ಲೆಕ್ಕ

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ಹೈಸ್ಕೂಲಿನಲ್ಲೇ ಕಲಿತ ಸೂತ್ರ ಇದು. ವಿಮಾನದ ಲೆಕ್ಕಕ್ಕೆ ಕೂತಾಗ ಮಾತ್ರ ಯಾವ ದೂರ, ಯಾವ ವೇಗ, ಯಾವ ಊರಿನ ಗಡಿಯಾರ ಎಂದು ಮೊದಲು ಕೇಳಿಕೊಳ್ಳಬೇಕು.

ನಮ್ಮೂರಿನದನ್ನೇ ಮೊದಲು ನೋಡೋಣ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, ಶಿವಮೊಗ್ಗದ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ಬೆಂಗಳೂರಿನ ನಿಲ್ದಾಣಕ್ಕೆ ನೇರ ದೂರ ಸುಮಾರು 240 ಕಿ.ಮೀ. ಇಲ್ಲಿ ಓಡುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ ಅರ್ಧ ಗಂಟೆಯೂ ಆಗುವುದಿಲ್ಲ, ಆದರೆ ಟಿಕೆಟ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಹಾಕಿರುತ್ತಾರೆ. ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಆಚೆ ಹೋಗಿ ನಿಲ್ಲುವವರೆಗಿನ ಹೊತ್ತು ಅದು. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರೊಳಗೇ ಬರುತ್ತದೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಇನ್ನಷ್ಟು ತಡ.

ಇನ್ನು ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ. ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಶಾಲೆಯ ಗ್ಲೋಬ್ ಸಿಕ್ಕರೆ ಎರಡೂ ಊರಿಗೆ ಬೆರಳೊತ್ತಿ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್‌ನ ನಡುವೆ ಹಾಯುವ ಬದಲು ಸೈಬೀರಿಯದ ಕಡೆಗೆ ಜಾರಿ, ಆರ್ಕ್ಟಿಕ್ ವೃತ್ತವನ್ನೂ ದಾಟಿ, ಅಲಾಸ್ಕದ ಮೇಲೆ ಇಳಿಯುತ್ತದೆ. ಇದೇ ಮಹಾವೃತ್ತದ ದಾರಿ, ಅಂದರೆ ಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ. ನನಗೆ ಈ ಪಾಠದಲ್ಲಿ ತುಂಬ ಇಷ್ಟವಾದ ಭಾಗವೂ ಇದೇ.

ಲೆಕ್ಕ ಹೀಗೆ: ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅವುಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿದರೆ, ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವೆ ಆಗುವ ಕೋನದ ಕೊಸೈನ್ ಸಿಗುತ್ತದೆ. ಬೆಂಗಳೂರಿನ ಅಕ್ಷಾಂಶ 13.2, ಸ್ಯಾನ್ ಫ್ರಾನ್ಸಿಸ್ಕೊದ್ದು 37.6, ರೇಖಾಂಶ ವ್ಯತ್ಯಾಸ 159.9 ಡಿಗ್ರಿ. ಮೊದಲ ಗುಣಲಬ್ಧ 0.139, ಎರಡನೆಯದು ಋಣ 0.724, ಮೊತ್ತ ಋಣ 0.585. ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ.ಯಂತೆ ಸುಮಾರು 13,990 ಕಿ.ಮೀ. ಮೊತ್ತದ ಋಣ ಚಿಹ್ನೆ ಬಿಟ್ಟರೆ ಉತ್ತರ ಸುಮಾರು 6,000ಕ್ಕೆ ಇಳಿಯುತ್ತದೆ, ಹುಷಾರು.

ದೊಡ್ಡ ಜೆಟ್‌ಗೆ ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಾಗ ಸುಮಾರು 17 ಗಂಟೆ ಹಿಡಿಯಿತು. ಗಾಳಿ ಮತ್ತು ವಾಯುಪ್ರದೇಶ ನೋಡಿಕೊಂಡು ವಿಮಾನಗಳು ಅತಿ ಹತ್ತಿರದ ಗೆರೆ ಬಿಟ್ಟು ಬಾಗುತ್ತವೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಜೊತೆಗಿದ್ದರೆ ಲಾಭ, ಎದುರಾದರೆ ನಷ್ಟ. ಲಂಡನ್‌ಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಸಾಮಾನ್ಯವಾಗಿ ಬೇಗ ಮುಗಿಯುವುದೂ ಇದರಿಂದಲೇ.

ಆ ವಿಮಾನ 9ರ ರಾತ್ರಿ ಹೊರಟು ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಎರಡು ದಿನ ಎಂದು ಬರೆದರೆ ಅಂಕ ಹೋಯಿತು. ಹೊರಟದ್ದು ರಾತ್ರಿ 8.30, ಇಳಿದದ್ದು ಬೆಳಗಿನ ಜಾವ 3.30 ಎಂದಿಟ್ಟುಕೊಳ್ಳಿ. ಜನವರಿಯಲ್ಲಿ ನಾವು ಹದಿಮೂರೂವರೆ ಗಂಟೆ ಮುಂದೆ, ಹಾಗಾಗಿ ಹೊರಟಾಗ ನಮ್ಮಲ್ಲಿ 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ ಎಣಿಸಿದರೆ ಹದಿನೇಳೂವರೆ ಗಂಟೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ ಎಂದು ಹಿಡಿಯಬೇಕು.