ಡ್ರೆಸ್ಸಿಂಗ್‌ನಲ್ಲಿ ಎಣ್ಣೆ ಮೇಲೆ, ವಿನೆಗರ್ ಕೆಳಗೆ: ಏನು ಮಾಡಬೇಕು?

ಪ್ರಶ್ನೆ: ಎಣ್ಣೆ, ವಿನೆಗರ್ ಎಷ್ಟು ಕಲಕಿದರೂ ಸಲಾಡ್‌ಗೆ ಸುರಿಯುವಷ್ಟರಲ್ಲಿ ಬೇರೆಯಾಗಿಬಿಡುತ್ತವೆ. ತಿನ್ನುವಾಗ ಎಲೆಯಲ್ಲಿ ರುಚಿಯೇ ಇಲ್ಲ, ಬಟ್ಟಲಿನ ತಳದಲ್ಲಿ ಮಾತ್ರ ಹುಳಿ. ಎಲ್ಲಿ ತಪ್ಪುತ್ತಿದೆ?

ಉತ್ತರ: ಬೇರೆಯಾಗುವುದು ತಪ್ಪಲ್ಲ, ಅವುಗಳ ಗುಣವೇ ಅದು. ವಿನೆಗರ್‌ನಲ್ಲಿ ಬಹುಪಾಲು ನೀರು. ಆಮ್ಲ ಸಾಮಾನ್ಯವಾಗಿ ಶೇ 5ರ ಆಸುಪಾಸು. ಕಲಕಿದಾಗ ಎಣ್ಣೆಯೂ ನೀರೂ ಸಣ್ಣ ಹನಿಗಳಾಗಿ ಒಂದರೊಳಗೊಂದು ಹರಡುತ್ತವೆ. ಕೈ ನಿಲ್ಲಿಸಿದ ಮೇಲೆ ಹನಿಗೆ ಹನಿ ಕೂಡಿಕೊಂಡು, ಹಗುರವಾದ ಎಣ್ಣೆ ಮೇಲಕ್ಕೇರುತ್ತದೆ. ಈ ಕೂಡಿಕೆಯನ್ನು ತಡೆಯಲು ಸಾಸಿವೆ ಪೇಸ್ಟ್ ಹಾಕಬೇಕು. ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆ ಅಂಶ ಹನಿಗಳನ್ನು ದೂರ ದೂರ ಇಡುತ್ತದೆ. ಜೇನುತುಪ್ಪವೂ ದ್ರವವನ್ನು ದಪ್ಪಗೊಳಿಸಿ ಸ್ವಲ್ಪ ನೆರವಾಗುತ್ತದೆ, ಆದರೆ ಸಾಸಿವೆಯಷ್ಟಲ್ಲ.

ನಾಲ್ಕು ಜನರ ಸಲಾಡ್‌ಗೆ 1 ದೊಡ್ಡ ಚಮಚ (15 ಮಿ.ಲೀ.) ವಿನೆಗರ್, 3 ದೊಡ್ಡ ಚಮಚ ಎಣ್ಣೆ, ಅರ್ಧ ಚಿಕ್ಕ ಚಮಚ ಸಾಸಿವೆ ಪೇಸ್ಟ್, ಕಾಲು ಚಿಕ್ಕ ಚಮಚ ಉಪ್ಪು, ಚಿಟಿಕೆ ಕಾಳುಮೆಣಸಿನ ಪುಡಿ ಸಾಕು. ಮೊದಲು ವಿನೆಗರ್‌ಗೆ ಉಪ್ಪು ಹಾಕಿ, ಹರಳು ಕಾಣದ ಹಾಗೆ ಕರಗಿಸಿ. ಉಪ್ಪು ಎಣ್ಣೆಯಲ್ಲಿ ಕರಗದು. ಕೊನೆಗೆ ಹಾಕಿದರೆ ಹರಳು ಹಲ್ಲಿಗೆ ಸಿಗುತ್ತದೆ. ಆಮೇಲೆ ಸಾಸಿವೆ ಬೆರೆಸಿ, ಎಣ್ಣೆಯನ್ನು ಮೊದಲು ಹನಿಹನಿಯಾಗಿ, ನಂತರ ಸಣ್ಣ ಧಾರೆಯಾಗಿ ಬಿಡುತ್ತಾ ಫೋರ್ಕ್‌ನಿಂದ ಬಿರುಸಾಗಿ ಕಲಕಿ. ಪಾರದರ್ಶಕವಾಗಿದ್ದ ದ್ರವ ಮಬ್ಬಾಗಿ, ಚಮಚದ ಬೆನ್ನಿಗೆ ತೆಳ್ಳಗೆ ಅಂಟಿಕೊಂಡರೆ ಹದ ಬಂತು. ಅಷ್ಟು ತಾಳ್ಮೆ ಇಲ್ಲವೇ? ಎಲ್ಲವನ್ನೂ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಅರ್ಧ ನಿಮಿಷ ಕುಲುಕಿ. ದಿನನಿತ್ಯಕ್ಕೆ ಇದೇ ವಾಸಿ. ಮಿಕ್ಸಿಗೆ ಮಾತ್ರ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಹಾಕಬೇಡಿ, ಕಹಿಯಾಗುವ ಸಾಧ್ಯತೆ ಹೆಚ್ಚು.

ಒಂದಕ್ಕೆ ಮೂರು ಎಂಬುದು ಕಟ್ಟುನಿಟ್ಟಿನ ಲೆಕ್ಕವೇನಲ್ಲ. ಹುಳಿ ಇಷ್ಟವಿದ್ದವರು ಒಂದಕ್ಕೆ ಎರಡಕ್ಕೆ ಇಳಿಸಬಹುದು. ವಿನೆಗರ್ ಬದಲು ನಿಂಬೆರಸವೂ ಅದೇ ಅಳತೆಯಲ್ಲಿ ನಡೆಯುತ್ತದೆ. ರುಚಿಯನ್ನು ಚಮಚದಲ್ಲಿ ನೋಡಬೇಡಿ, ಬರೀ ಡ್ರೆಸ್ಸಿಂಗ್ ಯಾವಾಗಲೂ ತೀಕ್ಷ್ಣವೇ. ಒಂದು ಎಲೆ ಅದ್ದಿ ತಿಂದು ನೋಡಿ.

ಇನ್ನು ನಿಮ್ಮ ದೂರಿನ ಎರಡನೇ ಭಾಗ. ಎಲೆಯಲ್ಲಿ ರುಚಿ ನಿಲ್ಲದಿರಲು ಡ್ರೆಸ್ಸಿಂಗ್‌ಗಿಂತ ಒದ್ದೆ ಎಲೆಯೇ ಕಾರಣವಿರಬೇಕು. ತೊಳೆದ ನೀರು ಎಲೆಯ ಮೇಲೆ ಉಳಿದರೆ ಎಣ್ಣೆ ಅಂಟದೆ ಜಾರುತ್ತದೆ, ಹುಳಿ ನೀರಾಗಿ ತಳ ಸೇರುತ್ತದೆ. ಎಲೆಗಳನ್ನು ಚೆನ್ನಾಗಿ ಕೊಡವಿ, ಬಟ್ಟೆಯ ಮೇಲೆ ಹರಡಿ ತೇವ ಒತ್ತಿ ತೆಗೆಯಿರಿ. ಡ್ರೆಸ್ಸಿಂಗ್ ಬೆರೆಸುವುದು ತಿನ್ನುವ ಹೊತ್ತಿಗೇ. ಮುಂಚೆಯೇ ಬೆರೆಸಿಟ್ಟರೆ ಎಣ್ಣೆ ಎಲೆಯ ಮೇಣದ ಪದರದೊಳಗೆ ಇಳಿದು ಎಲೆ ಸೊರಗುತ್ತದೆ. ಎಲೆಯನ್ನು ಬಾಡಿಸುವುದರಲ್ಲಿ ವಿನೆಗರ್‌ಗಿಂತ ಎಣ್ಣೆಯೇ ಮುಂದು.

ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬಳಸಬಹುದು. ಹಸಿ ಬೆಳ್ಳುಳ್ಳಿ ಹಾಕಿದ್ದರೆ ಮೂರ್ನಾಲ್ಕು ದಿನದಲ್ಲಿ ಮುಗಿಸಿ, ಹೊರಗಂತೂ ಇಡಲೇಬೇಡಿ: ಗಾಳಿಯಾಡದ ಎಣ್ಣೆಯೊಳಗಿನ ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಆಲಿವ್ ಎಣ್ಣೆ ತಂಪಿಗೆ ಗಟ್ಟಿಯಾಗಿ ಬೆಳ್ಳಗಾದರೆ ಕೆಟ್ಟಿತೆಂದು ಚೆಲ್ಲಬೇಡಿ. ಹತ್ತು ಹದಿನೈದು ನಿಮಿಷ ಹೊರಗಿಟ್ಟು, ಮತ್ತೆ ಕುಲುಕಿ ಬಳಸಿ.