ಡಬ್ಬಿಗೆ ಚೀಟಿ ಅಂಟಿಸಿದ ಕಥೆ: ಸರ್ಚ್‌ನಲ್ಲಿ ಕಾಣುವ ಸ್ಟಾರ್‌ಗಳು ಎಲ್ಲಿಂದ ಬಂದವು?

ಗೂಗಲ್‌ನಲ್ಲಿ ಯಾವುದಾದರೂ ಅಡುಗೆ ಹುಡುಕಿ ನೋಡಿ, ಅಕ್ಕಿ ರೊಟ್ಟಿನೇ ಇರಲಿ. ಕೆಲವು ಸೈಟುಗಳ ಹೆಸರಿನ ಜೊತೆ ಫೋಟೊ, ಸ್ಟಾರ್, ‘30 ನಿಮಿಷ’ ಅನ್ನೋದೆಲ್ಲ ಕಾಣುತ್ತದೆ. ಇನ್ನು ಕೆಲವಕ್ಕೆ ಬರೀ ಒಂದು ಲಿಂಕು, ಕೆಳಗೆ ಎರಡು ಸಾಲು ಅಷ್ಟೇ. ಹಾಗಂತ ಮೊದಲನೆಯವರ ರೊಟ್ಟಿ ಹೆಚ್ಚು ರುಚಿ ಅಂತೇನಿಲ್ಲ. ಪುಟದ ಒಳಗೆ ನಮ್ಮ ಕಣ್ಣಿಗೆ ಬೀಳದ ಒಂದಷ್ಟು ಸಾಲು ಕೋಡ್ ಬರೆದಿಟ್ಟಿರುತ್ತಾರೆ. ಅದಕ್ಕೆ ಸ್ಟ್ರಕ್ಚರ್ಡ್ ಡೇಟಾ ಅಂತ ಹೆಸರು. ಈ ಕೆಲಸ ಮಾಡುವವರು ಸುಮ್ನೆ ‘ಸ್ಕೀಮಾ’ ಅಂತಾರೆ.

ನನಗೆ ಇದು ಅಡುಗೆಮನೆ ಡಬ್ಬಿಗೆ ಅಂಟಿಸುವ ಚೀಟಿಯ ಹಾಗೆ. ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಅಮ್ಮನಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತು, ಆದರೆ ಮನೆಗೆ ಹೊಸದಾಗಿ ಬಂದವರಿಗೆ ಚೀಟಿ ಬೇಕೇ ಬೇಕು. ಸರ್ಚ್ ಎಂಜಿನ್ ಪ್ರತಿ ಮನೆಗೂ ಹೊಸಬ. ಪುಟದಲ್ಲಿ ‘30’ ಅಂತ ಇದ್ದರೆ ಅದು ನಿಮಿಷವೋ, ರೂಪಾಯಿಯೋ, ರೊಟ್ಟಿಗಳ ಲೆಕ್ಕವೋ ಅಂತ ಅದು ಊಹೆ ಮಾಡಬೇಕು. ಚೀಟಿ ಇದ್ದರೆ ಊಹೆ ಬೇಕಿಲ್ಲ.

ಚೀಟಿ ಅಂಟಿಸುವ ಮೊದಲ ಪ್ರಯತ್ನ ಕೆಟ್ಟುಹೋಯಿತು. 1990ರ ದಶಕದಲ್ಲಿ ‘ಮೆಟಾ ಕೀವರ್ಡ್ಸ್’ ಅಂತ ಒಂದು ಟ್ಯಾಗ್ ಇತ್ತು. ನಿಮ್ಮ ಪುಟ ಯಾವ ವಿಷಯದ್ದು ಅಂತ ನಾಲ್ಕು ಪದ ಬರೆಯಿರಿ ಅನ್ನೋದು ಲೆಕ್ಕ. ಜನ ನಾಲ್ಕಲ್ಲ, ನಾನೂರು ಪದ ತುಂಬಿದರು. ಪುಟಕ್ಕೆ ಸಂಬಂಧವೇ ಇಲ್ಲದ ಪದಗಳನ್ನೂ ತುರುಕಿದರು. ಕೊನೆಗೆ 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್, ರ‍್ಯಾಂಕಿಂಗ್‌ಗೆ ಈ ಟ್ಯಾಗನ್ನು ನೋಡುವುದೇ ಇಲ್ಲ ಅಂತ ಬಹಿರಂಗವಾಗಿ ಹೇಳಿತು. ಮುಂದಿನ ಕಥೆಯಲ್ಲೂ ಇದೇ ರಾಗ ಮತ್ತೆ ಮತ್ತೆ ಕೇಳಿಸುತ್ತದೆ, ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಇನ್ನೊಂದು ಕಡೆ ಸಂಶೋಧಕರು ಇದನ್ನೇ ಬೇರೆ ದಾರಿಯಿಂದ ಯೋಚಿಸುತ್ತಿದ್ದರು. ಅವರಲ್ಲಿ ಒಬ್ಬರು ಐಐಟಿ ಮದ್ರಾಸ್‌ನಲ್ಲಿ ಓದಿದ ಆರ್. ವಿ. ಗುಹಾ. ಆಪಲ್‌ನಲ್ಲಿದ್ದಾಗ, ಆಮೇಲೆ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್‌ನಲ್ಲಿದ್ದಾಗ, ಯಂತ್ರಕ್ಕೆ ಅರ್ಥವಾಗುವ ಹಾಗೆ ವಿಷಯವನ್ನು ವಿವರಿಸುವುದು ಹೇಗೆ ಅನ್ನೋದೇ ಅವರ ಕೆಲಸ. 2001ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಇಬ್ಬರು ಜೊತೆಗಾರರ ಸಂಗಡ ‘ಸೆಮ್ಯಾಂಟಿಕ್ ವೆಬ್’, ಅಂದರೆ ಯಂತ್ರಕ್ಕೂ ಅರ್ಥವಾಗುವ ವೆಬ್ ಬಗ್ಗೆ ದೊಡ್ಡ ಲೇಖನ ಬರೆದರು. ಕನಸು ದೊಡ್ಡದಿತ್ತು, ಆದರೆ ಸಾಮಾನ್ಯ ಸೈಟ್ ನಡೆಸುವವರಿಗೆ ಅದರಿಂದ ಏನು ಲಾಭ ಅನ್ನೋದಕ್ಕೆ ಉತ್ತರ ಇರಲಿಲ್ಲ. ಲಾಭ ಇಲ್ಲದೆ ಯಾರು ಕೂತು ಚೀಟಿ ಬರೆಯುತ್ತಾರೆ, ಅಲ್ವಾ?

ಲಾಭ ತೋರಿಸಿದ್ದು ಯಾಹೂ. 2008ರಲ್ಲಿ ‘ಸರ್ಚ್‌ಮಂಕಿ’ ಅಂತ ತಂದು, ಚೀಟಿ ಇರುವ ಪುಟಗಳನ್ನು ಸರ್ಚ್‌ನಲ್ಲಿ ಚೆಂದವಾಗಿ ತೋರಿಸತೊಡಗಿತು. ಮರುವರ್ಷ ಮೇ ತಿಂಗಳಲ್ಲಿ ಗೂಗಲ್ ಕೂಡ ಇಂಥದ್ದೇ ‘ರಿಚ್ ಸ್ನಿಪೆಟ್ಸ್’ ತಂದಿತು. ಆಗ ಚೀಟಿಯ ಭಾಷೆಯೇ ಒಬ್ಬೊಬ್ಬರದು ಒಂದೊಂದು. ಒಂದೇ ರೊಟ್ಟಿಗೆ ಮೂರು ನಮೂನೆ ಚೀಟಿ ಬರೆಯುವ ಗೋಳು. ಅದಕ್ಕೇ 2011ರ ಜೂನ್ 2ರಂದು ಗೂಗಲ್, ಮೈಕ್ರೋಸಾಫ್ಟ್‌ನ ಬಿಂಗ್, ಯಾಹೂ ಮೂರೂ ಸೇರಿ ಸ್ಕೀಮಾ ಡಾಟ್ ಆರ್ಗ್ ಅನ್ನೋ, ಚೀಟಿಗೆ ಎಲ್ಲರೂ ಬಳಸಬಹುದಾದ ಒಂದೇ ಪದಪಟ್ಟಿ ಶುರು ಮಾಡಿದವು. ರಷ್ಯಾದ ಸರ್ಚ್ ಎಂಜಿನ್ ಯಾಂಡೆಕ್ಸ್ ಅದೇ ವರ್ಷ ಸೇರಿಕೊಂಡಿತು. ಅಷ್ಟೊತ್ತಿಗೆ ಗೂಗಲ್‌ನಲ್ಲಿದ್ದ ಗುಹಾ ಇದರ ಹಿಂದಿನ ಮುಖ್ಯ ಕೈ. ಹಗಲೂ ರಾತ್ರಿ ಪೈಪೋಟಿ ನಡೆಸುವ ಕಂಪನಿಗಳು ಒಂದೇ ಪದಪಟ್ಟಿಗೆ ಒಪ್ಪಿದ್ದನ್ನು ನಾನು ಸಣ್ಣ ವಿಷಯ ಅಂದುಕೊಂಡಿಲ್ಲ. ಶುರುವಿನಲ್ಲಿ 297 ಬಗೆಯ ವಸ್ತುಗಳಿಗೆ ಹೆಸರಿತ್ತು. ಈಗ ಎಂಟುನೂರು ದಾಟಿದೆ.

ಆದರೂ ಬರೆಯುವ ಕಷ್ಟ ಹೋಗಿರಲಿಲ್ಲ. ಮೊದಲು ಬಳಸುತ್ತಿದ್ದ ‘ಮೈಕ್ರೋಡೇಟಾ’ ಅನ್ನೋ ವಿಧಾನದಲ್ಲಿ ಚೀಟಿಯನ್ನು ಪುಟದ ಕೋಡ್‌ನ ಮಧ್ಯೆ ಮಧ್ಯೆ, ಹೂಮಾಲೆಗೆ ಎಲೆ ಸೇರಿಸಿದ ಹಾಗೆ ಹೆಣೆಯಬೇಕಿತ್ತು. ಯಾರೋ ಥೀಮ್ ಬದಲಾಯಿಸಿದರೆ ಎಲ್ಲ ಕಿತ್ತುಹೋಗುತ್ತಿತ್ತು. 2014ರ ಜನವರಿಯಲ್ಲಿ ‘ಜೇಸನ್-ಎಲ್‌ಡಿ’ ಅನ್ನೋ ಇನ್ನೊಂದು ವಿಧಾನ ಅಧಿಕೃತ ಮಾನದಂಡವಾಯಿತು. ಇದರಲ್ಲಿ ಚೀಟಿ ಎಲ್ಲವೂ ಒಂದೇ ಕಡೆ ಒಂದು ಕಟ್ಟಾಗಿ ಇರುತ್ತದೆ. ಗೂಗಲ್ ಈಗ ಹೇಳುವುದೂ ಇದನ್ನೇ ಬಳಸಿ ಅಂತ.

ನಮ್ಮ ಅತ್ತಿಗೆ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತಾರೆ. ಒಂದು ಸಣ್ಣ ಸೈಟ್ ಇದೆ. ಹೋದ ವರ್ಷ ಅದರ ಚೀಟಿ ಸರಿಮಾಡಲು ಕೂತೆ. ಬೆಲೆಯ ಜಾಗದಲ್ಲಿ ‘₹ ೧೨೦/-’ ಅಂತ ಇತ್ತು. ಓದುವವರಿಗೆ ಎಷ್ಟು ಚೆಂದ! ಆದರೆ ಸ್ಕೀಮಾದ ನಿಯಮ ಬೇರೆ. 0ಯಿಂದ 9ರವರೆಗಿನ ಆ ಅಂಕಿಗಳನ್ನೇ ಬಳಸಬೇಕು, ರೂಪಾಯಿ ಚಿಹ್ನೆ ಕೂಡದು, ಯಾವ ದೇಶದ ಹಣ ಅನ್ನೋದನ್ನು ಬೇರೆ ಸಾಲಿನಲ್ಲಿ ‘INR’ ಅಂತ ಬರೆಯಬೇಕು. ಹಾಗಾಗಿ ಪುಟದಲ್ಲಿ ಕನ್ನಡದ ೧೨೦ ಹಾಗೇ ಉಳಿಯಿತು, ಚೀಟಿಯಲ್ಲಿ 120 ಬಂತು. ಅಡುಗೆಯ ಸಮಯಕ್ಕೂ ಹೀಗೇ ಒಂದು ಗೂಢಲಿಪಿ ಇದೆ. ಅರ್ಧ ಗಂಟೆಗೆ ‘PT30M’. ಕನ್ನಡದಲ್ಲಿ ಸೈಟ್ ಮಾಡುವವರು ಈ ಎರಡನ್ನು ಮರೆಯಬೇಡಿ. ಹೆಸರು, ವಿವರಣೆ, ಪದಾರ್ಥಗಳ ಪಟ್ಟಿ ಎಲ್ಲ ಧಾರಾಳವಾಗಿ ಕನ್ನಡದಲ್ಲೇ ಇರಬಹುದು.

ಅದಕ್ಕಿಂತ ದೊಡ್ಡದೊಂದು ಸಿಕ್ಕಿತು. ಸೈಟ್ ಮಾಡಿಕೊಟ್ಟವರು ಚೀಟಿಯಲ್ಲಿ ‘5 ಸ್ಟಾರ್, 48 ವಿಮರ್ಶೆ’ ಅಂತ ಬರೆದುಬಿಟ್ಟಿದ್ದರು. ಪುಟದಲ್ಲಿ ಒಂದೇ ಒಂದು ವಿಮರ್ಶೆ ಇರಲಿಲ್ಲ. ಅತ್ತಿಗೆಗೆ ಇದು ಗೊತ್ತೇ ಇಲ್ಲ. ಓದುಗರಿಗೆ ಕಾಣದ್ದನ್ನು ಚೀಟಿಯಲ್ಲಿ ಬರೆಯುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಪುಟದ ರ‍್ಯಾಂಕಿಂಗ್‌ಗೆ ಏನೂ ಆಗುವುದಿಲ್ಲ, ಆದರೆ ಫೋಟೊ, ಸ್ಟಾರ್ ಇರುವ ಆ ಅಲಂಕಾರ ಪೂರ್ತಿ ಕೈಬಿಟ್ಟುಹೋಗಬಹುದು. ಅದಕ್ಕಿಂತ ಹೆಚ್ಚಾಗಿ ಇದು ಸುಳ್ಳು. ಆ ಎರಡು ಸಾಲನ್ನು ಅವತ್ತೇ ಅಳಿಸಿದೆವು.

ಇಂಥದ್ದು ಎಲ್ಲ ಕಡೆ ನಡೆದಿದ್ದಕ್ಕೇ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅಂಗಡಿಗಳು ತಮಗೆ ತಾವೇ ಸ್ಟಾರ್ ಕೊಟ್ಟುಕೊಳ್ಳುವುದು ಜಾಸ್ತಿಯಾಗಿ, ತಮ್ಮದೇ ಸೈಟಿನಲ್ಲಿ ತಮ್ಮದೇ ಸಂಸ್ಥೆಯ ಬಗ್ಗೆ ಹಾಕಿಕೊಂಡ ವಿಮರ್ಶೆಗೆ ಸ್ಟಾರ್ ತೋರಿಸುವುದನ್ನು 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ನಿಲ್ಲಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಬಂದಿದ್ದ ಪ್ರಶ್ನೋತ್ತರದ ಚೀಟಿಯನ್ನಂತೂ ಜನ ಹಬ್ಬದ ಹಾಗೆ ಬಳಸಿದರು. ಸರ್ಚ್ ಪುಟದಲ್ಲಿ ಜಾಗ ಹಿಡಿಯಲಿ ಅಂತಲೇ ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಬರೆದರು. 2023ರ ಆಗಸ್ಟ್‌ನಲ್ಲಿ ಅದು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ಸೈಟುಗಳಿಗೆ ಮಾತ್ರ ಅಂತಾಯಿತು.

ಎಲ್ಲ ತಪ್ಪನ್ನೂ ಸೈಟಿನವರ ತಲೆಗೆ ಕಟ್ಟುವುದು ಸರಿಯಲ್ಲ. ಲೇಖಕರ ಫೋಟೊ ತೋರಿಸುತ್ತೇವೆ ಅಂತ 2011ರಲ್ಲಿ ಗೂಗಲ್ ಆಸೆ ಹುಟ್ಟಿಸಿತು. ಎಷ್ಟೋ ಜನ ಕಷ್ಟಪಟ್ಟು ಜೋಡಿಸಿಕೊಂಡರು. 2014ರ ಜೂನ್‌ನಲ್ಲಿ ಫೋಟೊ ಹೋಯಿತು, ಆಗಸ್ಟ್‌ನಲ್ಲಿ ಆ ಸೌಲಭ್ಯವೇ ಹೋಯಿತು. 2025ರ ಜೂನ್‌ನಲ್ಲಿ ಇನ್ನೂ ಏಳು ಬಗೆಯ ಚೀಟಿಯನ್ನು ಕೈಬಿಡುತ್ತೇವೆ ಅಂತ ಗೂಗಲ್ ಹೇಳಿತು. ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವವರು ಬಳಸುತ್ತಿದ್ದ ‘ಕ್ಲೇಮ್ ರಿವ್ಯೂ’ ಕೂಡ ಅದರಲ್ಲಿತ್ತು. ಅದು ಹೋಗಿದ್ದು ನನಗೆ ನಿಜಕ್ಕೂ ಬೇಜಾರು.

ಹಾಗಾದರೆ ಈಗಲೂ ಇದರಿಂದ ಉಪಯೋಗ ಇದೆಯಾ? ಇದೆ. ಸ್ಕೀಮಾ ಹಾಕಿದ ಮಾತ್ರಕ್ಕೆ ಪುಟ ಮೇಲಕ್ಕೆ ಹೋಗುವುದಿಲ್ಲ, ಯಾರಾದರೂ ಹಾಗೆ ಹೇಳಿ ದುಡ್ಡು ಕೇಳಿದರೆ ನಂಬಬೇಡಿ. ಆದರೆ ಕಂಡವರು ಕ್ಲಿಕ್ ಮಾಡುವುದು ಹೆಚ್ಚಾಗಬಹುದು. ಸಿನಿಮಾ ವಿಮರ್ಶೆಯ ರಾಟನ್ ಟೊಮೇಟೋಸ್ ಸೈಟಿನಲ್ಲಿ ಚೀಟಿ ಇದ್ದ ಪುಟಗಳಿಗೆ ಇಲ್ಲದವಕ್ಕಿಂತ ಶೇ. 25ರಷ್ಟು ಹೆಚ್ಚು ಕ್ಲಿಕ್ ಸಿಕ್ಕಿತು ಅಂತ ಗೂಗಲ್ಲೇ ಬರೆದುಕೊಂಡಿದೆ. ತನ್ನ ಸರಕನ್ನು ತಾನೇ ಹೊಗಳುವ ಲೆಕ್ಕ ಅದು, ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ. ಅಡುಗೆ, ಮಾರುವ ವಸ್ತು, ಕಾರ್ಯಕ್ರಮ, ಕೆಲಸದ ಜಾಹೀರಾತು ಇರುವ ಸೈಟಾದರೆ ಒಂದು ಸಂಜೆ ಕೂತು ಮಾಡುವುದು ಲಾಭವೇ. ಗೂಗಲ್‌ನ ‘ರಿಚ್ ರಿಸಲ್ಟ್ಸ್ ಟೆಸ್ಟ್’ನಲ್ಲಿ ಪುಟದ ವಿಳಾಸ ಹಾಕಿದರೆ ತಪ್ಪು ಎಲ್ಲಿದೆ ಅಂತ ಪುಕ್ಕಟೆ ತೋರಿಸುತ್ತದೆ.

ಅತ್ತಿಗೆಯ ಸೈಟಿನಲ್ಲಿ ಈಗ ಚಟ್ನಿಪುಡಿ ಕೊಂಡವರೇ ಅನಿಸಿಕೆ ಬರೆಯುವ ಜಾಗ ಮಾಡಿದ್ದೇವೆ. ಇದುವರೆಗೆ ಮೂವರು ಬರೆದಿದ್ದಾರೆ. ಇಬ್ಬರು 5 ಸ್ಟಾರ್ ಕೊಟ್ಟರು, ಒಬ್ಬರು ‘ಖಾರ ಜಾಸ್ತಿ’ ಅಂತ 3 ಕೊಟ್ಟರು. ಚೀಟಿಯಲ್ಲಿ ಈಗ ಇರುವುದು 4.3, ವಿಮರ್ಶೆ 3.