ಒಬ್ಬಟ್ಟಿನ ಹೂರಣ ಮತ್ತು ಎಣ್ಣೆಯ ಪಾಲು

ಹೊಲದಲ್ಲಿ ಪೆಟ್ರೋಲ್ ಸಿಕ್ಕರೆ ಕೋಟ್ಯಧಿಪತಿ ಆಗಿಬಿಡಬಹುದು ಎಂದು ನಮ್ಮಲ್ಲಿ ಸುಮ್ನೆ ಹೇಳುತ್ತಿರುತ್ತಾರೆ. ಆಗುವುದಿಲ್ಲ. ರಾಜಸ್ಥಾನದ ಬಾಡಮೇರಿನಲ್ಲಿ ತೆಗೆಯುವ ಕಚ್ಚಾ ಎಣ್ಣೆಯ ರಾಯಲ್ಟಿ, ಅಂದರೆ ಎಣ್ಣೆ ತೆಗೆದಿದ್ದಕ್ಕೆ ಕಂಪನಿ ಕೊಡುವ ಪಾಲು, ಹೋಗುವುದು ಸರ್ಕಾರಕ್ಕೆ, ರೈತನಿಗಲ್ಲ. ಅಮೆರಿಕದ ಕಥೆ ಬೇರೆ. ಅಲ್ಲಿ ನೆಲದಡಿಯ ಎಣ್ಣೆಗೂ ಖಾಸಗಿ ಮಾಲೀಕರಿರುತ್ತಾರೆ. ಮೇಲಿನ ಹೊಲ ಒಬ್ಬರದು, ಕೆಳಗಿನ ಎಣ್ಣೆ ಇನ್ನೊಬ್ಬರದು ಆಗಿರುವುದೂ ಉಂಟು.

ಹಾಗಾದರೆ ಬಾವಿ ಯಾರ ಹೊಲದಲ್ಲಿದೆಯೋ ದುಡ್ಡು ಅವರಿಗೇ ಅಲ್ವಾ? ಒಂದು ಕಾಲಕ್ಕೆ ಹೆಚ್ಚುಕಮ್ಮಿ ಹಾಗೇ ಇತ್ತು. 1889ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಎಣ್ಣೆ, ಗ್ಯಾಸುಗಳನ್ನು ಕಾಡುಪ್ರಾಣಿಗೆ ಹೋಲಿಸಿತು. ಬೇಲಿ ದಾಟಿ ಓಡುತ್ತವೆ, ಹಿಡಿದವನ ಪಾಲು. ಪಕ್ಕದವರು ಆಳದ ಬೋರ್ ಕೊರೆಸಿದ ಮೇಲೆ ತಮ್ಮ ಬೋರ್ ಬತ್ತಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ನೆಲದಡಿ ಇರುವ ಬಕ್ಕೆನ್ ಎಂಬ ಕಲ್ಲಿನ ಪದರಕ್ಕೆ ಬನ್ನಿ. ಅದೊಂದು ಒಬ್ಬಟ್ಟು. ಸುಮಾರು 3 ಕಿ.ಮೀ. ಆಳದಲ್ಲಿ, ಬರೀ ಹತ್ತಾರು ಮೀಟರ್ ದಪ್ಪದ ಹೂರಣ. ಅದರಲ್ಲಿ ಎಣ್ಣೆ. ಮೇಲಿನಿಂದ ಸೂಜಿ ಚುಚ್ಚಿದರೆ ಹೂರಣ ತಾಗುವುದು ಕ್ಷಣ ಮಾತ್ರ. ಸೂಜಿಯನ್ನು ಒಳಗೇ ಬಗ್ಗಿಸಿ, ಹೂರಣದ ಉದ್ದಕ್ಕೂ ಹಾಯಿಸಿದರೆ? ಅಡ್ಡ ಬಾವಿ ಮಾಡುವುದು ಇದನ್ನೇ. ಉಕ್ಕಿನ ಕೊಳವೆ ನಿಧಾನಕ್ಕೆ ಬಾಗಿ, ಅಡ್ಡಕ್ಕೆ ಇನ್ನೂ 3 ಕಿ.ಮೀ. ಹೋಗುತ್ತದೆ. ಆದರೆ ಈ ಹೂರಣ ಮೆತ್ತಗಿಲ್ಲ. ಎಳನೀರಿನ ಹಾಗೆ ಹೀರಲು ಬರುವುದಿಲ್ಲ, ಒಣ ಕೊಬ್ಬರಿಯನ್ನು ಗಾಣಕ್ಕೆ ಹಾಕಿದ ಹಾಗೆ ಹಿಂಡಬೇಕು. ನೀರು, ಮರಳು ಒತ್ತಿ ಕಲ್ಲು ಸೀಳಿದರೆ ಬಿರುಕಿನ ಅಕ್ಕಪಕ್ಕದ್ದು ಮಾತ್ರ ಬರುತ್ತದೆ. ಕಾಡುಪ್ರಾಣಿ ಇಲ್ಲಿ ಓಡುವುದೇ ಇಲ್ಲ!

ಅಷ್ಟುದ್ದದ ಕೊಳವೆ ಎಷ್ಟೋ ಜನರ ಜಮೀನಿನಡಿ ಹಾಯುತ್ತದೆ. ಅದಕ್ಕೇ ಅಲ್ಲಿ ಸಾಮಾನ್ಯವಾಗಿ 1,280 ಎಕರೆಯನ್ನು ಒಂದೇ ತುಂಡು ಎಂದು ಲೆಕ್ಕ ಹಿಡಿಯುತ್ತಾರೆ. ಬಾವಿಯ ಬಾಯಿ ಎಲ್ಲಿದೆ ಎಂಬುದು ಮುಖ್ಯವಲ್ಲ. ತುಂಡಿನಲ್ಲಿ ನಿಮ್ಮ ಎಕರೆ ಎಷ್ಟು ಎಂಬುದಷ್ಟೇ ಮುಖ್ಯ.

ಅಮೆರಿಕ ಸರ್ಕಾರ ಜಮೀನು ಹಂಚಿದ 1862ರ ಕಾನೂನಿನಡಿ ವಲಸಿಗರಿಗೆ ಸಿಗುತ್ತಿದ್ದದ್ದು 160 ಎಕರೆ, ಅಂದರೆ ತುಂಡಿನ ಎಂಟನೇ ಒಂದು ಭಾಗ. ಎಣ್ಣೆ ಕಂಪನಿ ಜೊತೆಗಿನ ಹಳೆಯ ಕರಾರುಗಳ ರಾಯಲ್ಟಿಯೂ ಎಂಟನೇ ಒಂದು ಭಾಗವೇ. ಎರಡನ್ನೂ ಗುಣಿಸಿ: 100 ಡಾಲರ್ ಎಣ್ಣೆಗೆ 1.56 ಡಾಲರ್. ಆ ಜಮೀನು ಪಡೆದ ಅಜ್ಜನ ಪಾಲನ್ನು ನಾಲ್ಕು ಮೊಮ್ಮಕ್ಕಳು ಹಂಚಿಕೊಂಡರೆ ತಲೆಗೆ 39 ಸೆಂಟ್. ತನ್ನದೇ ಹೊಲದ ನೆಟ್ಟಗಿನ ಬಾವಿಯಾಗಿದ್ದರೆ ಅಜ್ಜನಿಗೆ 12.50 ಸಿಗುತ್ತಿತ್ತು ಎಂದು ಗೊಣಗುವವರಿದ್ದಾರೆ. ಆದರೆ ಆ ಬಾವಿ ಹೂರಣವನ್ನು ಮುಟ್ಟಿದಂತೆ ಮಾಡಿ ಸುಮ್ಮನಾಗುತ್ತಿತ್ತು. ಚಿಕ್ಕ ಪಾಲು, ದೊಡ್ಡ ರಾಶಿ. ಬಾವಿಯೇ ಇಲ್ಲದ ಹೊಲದವರಿಗೂ ಪಾಲು ಬರುವುದು ನನಗಂತೂ ನ್ಯಾಯ ಅನ್ನಿಸುತ್ತದೆ.

ಎರಡನೇ ವರ್ಷ ರಾಯಲ್ಟಿಯ ಚೆಕ್ ಅರ್ಧಕ್ಕಿಂತ ಕೆಳಗಿಳಿದರೆ ಕಂಪನಿ ಮೋಸ ಮಾಡಿತು ಅನ್ನುತ್ತಾರೆ. ಕಂಪನಿ ಈ ಪಾಲಿನಿಂದ ಖರ್ಚು ಹಿಡಿದುಕೊಳ್ಳುವ ಬಗ್ಗೆ ಜಗಳಗಳಿವೆ, ನಿಜ. ಆದರೆ ಬಿರುಕಿನ ಹತ್ತಿರದ ಎಣ್ಣೆ ಮೊದಲು ಬಂದು ಮುಗಿಯುವುದು ಈ ಕಲ್ಲಿನ ಸ್ವಭಾವ. ಅದೇ ತುಂಡಿನಲ್ಲಿ ಇನ್ನೊಂದು ಬಾವಿ ಕೊರೆದರೆ ಅದರ ಎಣ್ಣೆಗೂ ಆ 39 ಸೆಂಟಿನ ಲೆಕ್ಕವೇ.